ಲಕ್ಕವ್ವನ ಆಡಿನ ರಕ್ತ

ನನ್ನ ಕುತ್ತಿಗೆಗೆ ಕತ್ತಿ ತಾಗಿತ್ತು.

ಕತ್ತಿ ಹಿಡಿದವನು ಅಳುತ್ತಿದ್ದ.

ಮೂವತ್ತು ವರ್ಷ ಸೊಲ್ಲಾಪುರದ ದನದ ಬಾಜಾರಿನಲ್ಲಿ ದಲಾಲಿ ಮಾಡಿದವನು ನಾನು. ಕೊಡಲಿ ತೋರಿಸಿದವರನ್ನು ಕಂಡಿದ್ದೇನೆ. ಕುಡಗೋಲು ಬೀಸಿದವರನ್ನೂ ಕಂಡಿದ್ದೇನೆ. ಅಳುತ್ತ ಕೊಲ್ಲಲು ಬಂದವನು ಇವನೇ ಮೊದಲು... ಆಮೇಲೆ ಅವನ ಬೆನ್ನ ಹಿಂದೆ ನೋಡಿದೆ. ಎರಡು ಚೀಲ ಉಳ್ಳಾಗಡ್ಡಿ ಹೆಚ್ಚಿ ರಾಶಿ ಹಾಕಿದ್ದರು.

"ಗ್ವಾಡಿ ಜಿಗದು ಒಳಗ ಯಾಕ ಬಂದಿ?" ಎಂದ.

"ಆಡು ನೋಡಾಕ."

"ನಿನ್ನೆ ಬಂದ ಕಳ್ಳನೂ ಹಂಗ ಅಂದಿದ್ದ. ಅವ ಹೋದ ಮ್ಯಾಲ ಒಂದು ಆಡು ಕಮ್ಮಿ ಬಿತ್ತು."

ಇವನು ಅಣ್ಣಾರಾಯ. ಅಕ್ಕಲಕೋಟದಲ್ಲಿ ಕಂದೂರಿ ಅಡುಗೆಯವನು. ಹರಕೆ ಹೊತ್ತವರು ಆಡು ಕೊಯ್ಯಿಸಿ ಓಣಿಗೆಲ್ಲ ಊಟ ಹಾಕುತ್ತಾರಲ್ಲ, ಆ ಊಟದ ಹಂಡೆ ಇವನದು. ಹಿತ್ತಲಲ್ಲಿ ಏಳು ಆಡು ಕಟ್ಟಿದ್ದವು. ಏಳೂ ಕರಿ. ಬೆಳಗಿನ ಹನ್ನೊಂದು ಗಂಟೆ. ಹನ್ನೆರಡಕ್ಕೆ ಏಳೂ ಹಂಡೆಗೆ.

"ಅಣ್ಣಾರಾಯರ, ಕತ್ತಿ ತುಸು ಆ ಕಡೆ ಹಿಡೀರಿ. ಮಾತಾಡಿದರ ಗಂಟಲು ಅಲಗಾಡ್ತೈತಿ. ನೀವು ಸುಮ್ಮನ ನಿಂತ್ರೂ ನಾನಾಗಿ ಕೊಯ್ಕೋತೀನಿ."

"ಹಂಗಾದ್ರ ಮಾತಾಡಬ್ಯಾಡ."

"ಮಾತಾಡದ ಯಾಕ ಬಂದೆ ಅಂತ ಹೆಂಗ ಹೇಳ್ಲಿ?"

ಅವನು ವಿಚಾರ ಮಾಡಿದ. ಮೂಗು ಒರೆಸಿಕೊಂಡ. ಕತ್ತಿ ಎರಡು ಬೆರಳಷ್ಟು ಹಿಂದೆ ಸರಿಯಿತು.

"ನಾ ಹುಡಕೋ ಆಡಿಂದು ಕುತ್ತಿಗಿ ಎಡಗಡಿ ಕೂದಲ ಬೋಳಿಸ್ಯಾರ. ಬೆನ್ನ ಮ್ಯಾಲ ನಾಕು ಕಡೆ ಬೋಳಿಸ್ಯಾರ. ನಿಮ್ಮ ಏಳರಾಗ ಅದು ಐತೇನು ಅಂತ ನೋಡಾಕ ಬಂದೆ. ನೀವು ಕೊಯ್ದ ಮ್ಯಾಲ ನೋಡಿ ಏನ್ಮಾಡ್ಲಿ?"

"ಹಣಿಗೆ ಭಂಡಾರ ಹಚ್ಯಾರೇನು?"

"ಹೂಂ. ಅರಿಶಿಣ ಬಡದಾರ."

ಅಣ್ಣಾರಾಯ ಕತ್ತಿ ಕೆಳಗಿಟ್ಟ. ಈಗ ಅವನ ಮುಖ ನಿಜವಾಗಿಯೇ ಅಳುವವನ ಮುಖವಾಯಿತು.

"ಆಗಳೇ ಬಂದಿತ್ತು. ನನ್ನ ಕಣ್ಣ ಮುಂದ ಎರಡು ಕಿಲೋ ಕೊತ್ತಂಬರಿ ತಿಂತು."

"ಓಡಸಲಿಲ್ಲೇನು?"

"ಲಕ್ಕವ್ವ ದೇವಿಗೆ ಬಿಟ್ಟ ಆಡದು. ಅದಕ್ಕ ಯಾರು ಕೋಲು ತೋರಸ್ತಾರ? ಕೈ ಮುಗದು ನಿಂತೆ. ತಿಂದು, ತೇಗಿ, ಭಾಜಿ ಮಾರ್ಕೆಟ್ ಕಡೆ ಹೋತು."

ನಾನು ಮತ್ತೆ ಗೋಡೆ ಹತ್ತತೊಡಗಿದೆ.

"ಗೇಟ್ ಐತಿ," ಎಂದ ಅಣ್ಣಾರಾಯ. "ಮನಷ್ಯಾರು ಅಲ್ಲಿಂದ ಹೋಗ್ತಾರ."

ಹೊರಗೆ ನನ್ನ ಎಂ-ಏಟಿ ಗಾಡಿಯ ಪಕ್ಕ ಡಾಕ್ಟರ್ ಕೇತಕಿ ನಿಂತಿದ್ದರು. ತೊಡೆಗೆ ಆನಿಸಿಕೊಂಡು ಒಂದು ಐಸ್ ಡಬ್ಬಿ. ಅದರಲ್ಲಿ ಮೂರು ಖಾಲಿ ಬಾಟಲಿ, ಒಂದು ದಪ್ಪ ಸೂಜಿ.

"ಸಿಕ್ತೇನು ಕಾಕಾ?"

"ಜೀವಂತ ಐತಿ. ಹೊಟ್ಟಿ ತುಂಬೈತಿ."

"ಐಸ್ ಕರಗಾಕತ್ತೈತಿ," ಎಂದರು.

ಗಾಡಿ ಹೊರಟಿತು. ಮಾರ್ಕೆಟ್ಟಿಗೆ ಹೋಗುವ ತನಕ ಹಿಂದಿನ ಕತೆ ಹೇಳಿಬಿಡುತ್ತೇನೆ. ನೀವು ನಗುವುದಾದರೆ ಈಗಲೇ ನಕ್ಕುಬಿಡಿ.

ತೊಂಬತ್ತಾರನೆಯ ಇಸವಿ, ಜೂನ್ ಮೊದಲ ವಾರ. ಮಳೆ ಇನ್ನೂ ಬಿದ್ದಿರಲಿಲ್ಲ. ಆ ದಿನ ಬೆಳಗ್ಗೆ ಎಂಟಕ್ಕೆ ನಾನು ಬಾಜಾರಿನ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತಿದ್ದೆ. ಬಿಳಿ ಕೋಟು ಹಾಕಿಕೊಂಡ ಹೆಂಗಸೊಬ್ಬರು ಸಗಣಿ ದಾಟುತ್ತ ಬಂದರು. ಇವರೇ ಡಾಕ್ಟರ್ ಕೇತಕಿ, ಸೊಲ್ಲಾಪುರದ ಒಂದು ಕ್ಯಾನ್ಸರ್ ಆಸ್ಪತ್ರೆಯ ಲ್ಯಾಬಿನವರು.

"ಕಳದ ಜನಾವರ ಹುಡುಕಿ ಕೊಡೋ ಅಮೃತಪ್ಪ ನೀವೇನು?"

"ಹೌದ್ರಿ. ಎಮ್ಮಿನೋ, ಎತ್ತೋ?"

"ಆಡು."

"ಒಂದ ಆಡಿಗೆ ನಾ ಏಳಂಗಿಲ್ಲ, ಡಾಕ್ಟರಬಾಯಿ. ಬ್ಯಾರೆದು ತಗೋರಿ."

"ಬ್ಯಾರೆದು ಇಲ್ಲ, ಕಾಕಾ," ಎಂದರು. ಅಲ್ಲೇ ಕಲ್ಲಿನ ಮೇಲೆ ಕುಳಿತರು.

ನಾನು ಕಷ್ಟದ ಗಿರಾಕಿಗಳನ್ನು ಕಂಡಿದ್ದೇನೆ. ಸಗಣಿಯ ಪಕ್ಕ ಕುಳಿತುಕೊಳ್ಳುವ ಡಾಕ್ಟರನ್ನು ಕಂಡಿರಲಿಲ್ಲ. ಇನ್ನೊಂದು ಚಹಾ ಹೇಳಿದೆ.

ಅವರು ಹೇಳಿದ್ದು ಇಷ್ಟು. ಹೆಂಗಸರ ಎದೆಯಲ್ಲಿ ಏಳುವ ಕೆಟ್ಟ ಗಂಟುಗಳಲ್ಲಿ ಕೆಲವಕ್ಕೆ ಒಬ್ಬ ಮುಕಾದಮ ಇರುತ್ತಾನೆ. ಒಂದು ಪ್ರೋಟೀನು. ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಎಂದರು. ನಾನು ಮುಕಾದಮ ಎಂದುಕೊಂಡೆ. ಜೀವಕೋಶದ ನಟ್ಟನಡುವೆ ಕುಳಿತು, ಈ ಜೀನ್ ಕೆಲಸ ಮಾಡಲಿ, ಆ ಜೀನ್ ಸುಮ್ಮನಿರಲಿ ಎಂದು ಹುಕುಂ ಹೊರಡಿಸುವುದು ಅವನ ಕೆಲಸ. ಅವನು ಇದ್ದರೆ ಅವನ ಬಾಯಿ ಮುಚ್ಚಿಸುವ ಗುಳಿಗೆ ಇದೆ. ಇಲ್ಲದಿದ್ದರೆ ಆ ಗುಳಿಗೆ ನುಂಗಿ ಪ್ರಯೋಜನವಿಲ್ಲ.

"ಇದ್ದಾನೋ ಇಲ್ಲೋ ಹೆಂಗ ಗೊತ್ತಾಗ್ತೈತಿ?"

"ಆಂಟಿಬಾಡಿ ಬೇಕು. ಲಕ್ಷ ಪ್ರೋಟೀನಿನಾಗ ಅವನೊಬ್ಬನ್ನ ಗುರುತು ಹಿಡದು ಹೋಗಿ ಅಪ್ಪಿಕೊಳ್ಳೋದು. ಅದು ಅಂಟಿಕೊಂಡಲ್ಲಿ ನಾವು ಕಂದು ಬಣ್ಣ ಮೂಡಿಸ್ತೀವಿ. ಅವ ಇಲ್ಲಂದ್ರ ಬರೇ ನೀಲಿ."

ಪರದೇಶದಿಂದ ತರಿಸಿದ ಸೀಸೆ ದಾರಿಯಲ್ಲಿ ಎಲ್ಲೋ ಬಿಸಿಲಿಗೆ ಸಿಕ್ಕು ಕೆಟ್ಟಿತ್ತು. ಎರಡು ಸಲ. ಆಗ ಡಾಕ್ಟರು ಹಟ ಹಿಡಿದು ತಾವೇ ತಯಾರು ಮಾಡಲು ಕೂತರು. ಪುಣೆಯ ಗೆಳತಿಯಿಂದ ಆ ಪ್ರೋಟೀನಿನ ಒಂದು ತುಣುಕು ತರಿಸಿದರು. ಎಣ್ಣೆ ಔಷಧದಲ್ಲಿ ಕಲಸಿ ಮೂರು ಆಡಿಗೆ ಚುಚ್ಚಿದರು. ಆಡಿನ ಮೈ ಅದನ್ನು ಹೊರಗಿನ ಕಳ್ಳ ಎಂದು ತಿಳಿದು ಆಂಟಿಬಾಡಿ ಹುಟ್ಟಿಸಬೇಕು. ಎರಡು ಆಡು ಏನೂ ಕೊಡಲಿಲ್ಲ. ಮೂರನೆಯದು ಕೊಟ್ಟಿತು. ಅದರ ಒಂದು ಹನಿ ರಕ್ತದಲ್ಲಿ ಬಣ್ಣ ಚೊಕ್ಕವಾಗಿ ಮೂಡಿತು. ಪುಣೆಯ ತುಣುಕು ಮುಗಿದಿತ್ತು; ಇನ್ನೊಂದು ಆಡಿಗೆ ಚುಚ್ಚಲು ಏನೂ ಉಳಿದಿರಲಿಲ್ಲ.

"ಕೊನೀ ಸೂಜಿ ಚುಚ್ಚಿ ಇವತ್ತಿಗೆ ಹನ್ನೆರಡು ದಿನ, ಕಾಕಾ. ಇವತ್ತು ರಕ್ತದಾಗ ಅದು ತುಂಬಿ ಬಂದಿರ್ತೈತಿ. ಆಮ್ಯಾಲ ಇಳೀತೈತಿ. ಹನ್ನೊಂದು ಹೆಂಗಸರ ಗಂಟು ಸ್ಲೈಡಿನ ಮ್ಯಾಲ ಕಾಯಾಕತ್ತಾವ. ಒಂದು ಆಡು ತಯಾರಾಗಾಕತ್ತೈತಿ, ಈ ವಾರ ಹೇಳ್ತೀನಿ ಅಂತ ಹನ್ನೊಂದೂ ಮನಿಯವರಿಗೆ ಮಾತು ಕೊಟ್ಟೀನಿ."

ನಾನು ಚಹಾದ ಬಟ್ಟಲು ಕೆಳಗಿಟ್ಟೆ. ನಾಲ್ಕುನೂರು ಕರಿ ಆಡಿನಲ್ಲಿ ಒಂದನ್ನು ಗುರುತು ಹಿಡಿಯುವುದೇ ನನ್ನ ಹೊಟ್ಟೆಪಾಡು. ಆ ಆಂಟಿಬಾಡಿ ನಮ್ಮ ಧಂಧೆಯವನೇ ಅನ್ನಿಸಿತು.

ಆಡು ಇದ್ದದ್ದು ಅಕ್ಕಲಕೋಟದ ದಾರಿಯ ವಳಸಂಗದಲ್ಲಿ, ಗೋದೂಬಾಯಿಯ ಕೊಟ್ಟಿಗೆಯಲ್ಲಿ. ಲ್ಯಾಬಿನಲ್ಲಿ ಜಾಗವಿರಲಿಲ್ಲ. ಬೆಳಗ್ಗೆ ಡಾಕ್ಟರು ಹೋದಾಗ ಆಡೂ ಇಲ್ಲ, ಮುದುಕಿಯೂ ಇಲ್ಲ. ನಾವು ಮತ್ತೆ ಹೋದಾಗ ಗೋದೂಬಾಯಿ ಎಸ್‌ಟಿ ಬಸ್ಸಿನಿಂದ ಇಳಿಯುತ್ತಿದ್ದಳು. ಕೈಯಲ್ಲಿ ಖಾಲಿ ಹಗ್ಗ.

"ಆಡು ಎಲ್ಲೈತಿ, ಮೌಶಿ?"

"ನನ್ನ ತವರಿಗೆ. ಅಕ್ಕಲಕೋಟದ ಲಕ್ಕವ್ವಗ ಬಿಟ್ಟು ಬಂದೆ. ಹಾಲಿನ ಟೆಂಪೋದಾಗ ಒಯ್ದೆ."

"ಯಾಕ?"

"ಯಾಕಂತ ನೀ ಕೇಳ್ತಿ? ಚುಚ್ಚಿ ಚುಚ್ಚಿ ಅದರ ಬೆನ್ನ ಮ್ಯಾಲ ಲಿಂಬಿಕಾಯಿಯಷ್ಟು ಗಂಟು ಎಬ್ಬಿಸಿದಿ. ಮಲಗಾಕ ಆಗಲಾರದ ಒದ್ದಾಡ್ತಿತ್ತು. ನಾ ಬೇಡ್ಕೊಂಡೆ. ಈ ಗಂಟು ಕರಗಲಿ, ನಿನ್ನ ಹೆಸರಲೆ ಬಿಡ್ತೀನವ್ವಾ ಅಂದೆ. ಮೊನ್ನೆ ನೋಡಿದರ ಕರಗಿದ್ವು."

"ಅವು ಎಣ್ಣಿ ಔಷಧದ ಗಂಟು, ಮೌಶಿ. ತಾವಾಗೇ ಕರಗೋವು ಇದ್ವು."

"ಹಂಗಂತ ನನಗ ಹೇಳಿದ್ದೇನು?"

ಡಾಕ್ಟರು ಐಸ್ ಡಬ್ಬಿ ಕೆಳಗಿಟ್ಟರು.

"ಇಲ್ಲ," ಎಂದರು. "ಹೇಳಿಲ್ಲ."

"ಆರು ತಿಂಗಳ ಮೇಸಿದೀನಿ. ಏನು ಚುಚ್ಚತಿ, ಯಾಕ ಚುಚ್ಚತಿ, ಒಂದಿನ ಹೇಳ್ಲಿಲ್ಲ. ನಾ ಯಾರಿಗೆ ಕೇಳ್ಲಿ? ದೇವಿಗೆ ಕೇಳಿದೆ. ಆಕಿ ಕೇಳಿಸಿಕೊಂಡ್ಳು."

ನಾನು ಮುದುಕಿಯ ಕೈಯಿಂದ ಹಗ್ಗ ಇಸಿದುಕೊಂಡೆ. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಈಗ ಮಾರ್ಕೆಟ್ಟಿಗೆ ಬರೋಣ.

ಆಡು ಸಿಕ್ಕಿತು. ಕಸ್ತೂರಬಾಯಿ ಎಂಬ ಭಾಜಿ ಮಾರುವವಳ ಮೆಂತ್ಯೆ ಸೊಪ್ಪಿನ ಮೇಲೆ ಮುಂಗಾಲು ಊರಿ ನಿಂತಿತ್ತು. ಕರಿ ಮೈ, ಉದ್ದ ಕಿವಿ, ಹಣೆಯ ತುಂಬ ಹಳದಿ. ಕಸ್ತೂರಬಾಯಿ ಕೈಕಟ್ಟಿ ಕುಳಿತು, ಪ್ರತಿ ಕಟ್ಟು ಹೋದಾಗಲೂ ಒಂದು ನಿಟ್ಟುಸಿರು ಬಿಡುತ್ತಿದ್ದಳು.

ನಾನು ಹಿಂದಿನಿಂದ ಹೋದೆ. ಮೆಲ್ಲಗೆ. ಇನ್ನು ಎರಡು ಮಾರು...

ಆಡು ನನ್ನನ್ನು ನೋಡಿತು. ಡಾಕ್ಟರನ್ನು ನೋಡಿತು. ಆರು ತಿಂಗಳ ಸೂಜಿ ನೆನಪಾಗಿರಬೇಕು.

ಓಡಿತು!

ಟೊಮೆಟೊ ರಾಶಿಯ ಮೇಲೆ ಹಾಯ್ದಿತು. ಬಳೆ ಅಂಗಡಿಯ ಮುಂದೆ ತಿರುಗಿತು. ಯಾತ್ರಿಕರ ಸಾಲು ಸೀಳಿತು. ನಾನು ಹಿಂದೆ. ನನ್ನ ವಯಸ್ಸು ಐವತ್ತಮೂರು. ಆಡಿನದು ಎರಡು. ಎಸ್‌ಟಿ ಸ್ಟ್ಯಾಂಡಿಗೆ ನುಗ್ಗಿದ್ದೇ ಮಂಗಳವೇಢೆಯ ಬಸ್ಸು ಹತ್ತಿತು. ಬಸ್ಸಿನ ಎಂಜಿನ್ ಸ್ಟಾರ್ಟ್ ಆಗಿತ್ತು.

"ಇಳಸ್ರಿ ಅದನ್ನ," ಎಂದು ಕಂಡಕ್ಟರನಿಗೆ ಕೂಗಿದೆ.

"ದೇವರ ಆಡು ಐತಿ. ನಾ ಹೆಂಗ ಇಳಸ್ಲಿ? ನೀವು ಜೋಡಿ ಇದ್ದೀರೇನು? ನಿಮಗ ಟಿಕೆಟ್ ಹರೀತೀನಿ."

ಕೊಂಬು ಹಿಡಿದೆ. ಎಳೆದೆ. ನಾವಿಬ್ಬರೂ ಮೆಟ್ಟಿಲಿನಿಂದ ಉರುಳಿದೆವು. ಮೇಲೆ ಬಿದ್ದದ್ದು ಆಡು. ಮಲಗಿದಲ್ಲೇ ಗೋದೂಬಾಯಿಯ ಹಗ್ಗ ಅದರ ಕುತ್ತಿಗೆಗೆ ಹಾಕಿ ಗಂಟು ಬಿಗಿದೆ.

ಅದೇ ತಪ್ಪಾಯಿತು.

ಎದ್ದು ನಿಲ್ಲುವಷ್ಟರಲ್ಲಿ ಸುತ್ತ ಮೂವತ್ತು ಜನ. ಮುಂದೆ ಕಸ್ತೂರಬಾಯಿ. ಅವಳ ಕೈಯಲ್ಲಿ ಚಪ್ಪಲಿ.

"ಲಕ್ಕವ್ವನ ಆಡಿಗೆ ಹಗ್ಗ ಹಾಕ್ದೇನಲೇ?"

"ಅವ್ವಾ, ಕೇಳಿಲ್ಲಿ..."

"ನನ್ನ ಐವತ್ತು ಕಟ್ಟು ಮೆಂತ್ಯೆ ತಿಂತು. ನಾ ಬಾಯಿ ತಗದಿಲ್ಲ. ನೀ ಯಾವೂರ ದೊಡ್ಡಾವ?"

ಡಾಕ್ಟರು ಮುಂದೆ ಬಂದರು. "ಸ್ವಲ್ಪ ರಕ್ತ ಬೇಕಾಗಿತ್ತು, ಆಜೀ. ಸ್ವಲ್ಪ."

ಅದು ಎರಡನೆಯ ತಪ್ಪು. ಮೂವತ್ತು ಜನ ಐವತ್ತಾದರು.

ಆಗ ಗುಂಪು ಸರಿದು ದಾರಿ ಬಿಟ್ಟಿತು. ಬಿಳಿ ಟೋಪಿ, ಹಣೆಗೆ ವಿಭೂತಿ. ಸಾತಲಿಂಗಪ್ಪ. ಸ್ಟ್ಯಾಂಡಿನ ಎದುರಿಗೆ ಚಾದರದ ಅಂಗಡಿ. ಲಕ್ಕವ್ವನ ಗುಡಿಯ ಪಂಚ, ನ್ಯಾಯ ಹೇಳುವವರು. ಬಟ್ಟೆ ಅಳೆಯುವಾಗ ಅರ್ಧ ಬೆರಳೂ ಹೆಚ್ಚು ಬಿಡದ ಮನುಷ್ಯ ಎಂದು ಬಾಜಾರಿನಲ್ಲಿ ಹೆಸರು.

"ಏನು ಗದ್ದಲ?" ಎಂದರು.

ಆಮೇಲೆ ಡಾಕ್ಟರನ್ನು ನೋಡಿದರು. ಅವರ ತುಟಿ ಒಣಗಿದ್ದು ನನಗೆ ಕಂಡಿತು.

ಡಾಕ್ಟರೂ ಅವರನ್ನು ನೋಡಿದರು. ಒಂದು ಕ್ಷಣ. ಕೂಡಲೇ ಆಡಿನ ಕಡೆ ಮುಖ ತಿರುಗಿಸಿದರು.

ಇಬ್ಬರೂ ಪರಿಚಯವಿಲ್ಲದವರ ಹಾಗೆ ನಿಂತರು. ಪರಿಚಯವಿಲ್ಲದವರು ಅಷ್ಟು ಕಷ್ಟಪಟ್ಟು ನಿಲ್ಲುವುದಿಲ್ಲ.

"ದಂಡ ಹಾಕ್ರಿ, ಸಾವಕಾರ್ರ," ಎಂದು ಗುಂಪು ಕೂಗಿತು.

ನಾನು ಹೆಗಲ ಮೇಲಿನ ಟಾವೆಲು ತೆಗೆದೆ.

"ದಂಡ ಕೊಡ್ತೀನಿ. ಆದರ ಚೌಕಾಶಿ ನಮ್ಮ ಬಾಜಾರದ ರೀತಿ ಆಗ್ಲಿ. ಬರ್ರಿ."

ನಿಮಗೆ ಗೊತ್ತಿರಲಿಕ್ಕಿಲ್ಲ. ದನದ ಬಾಜಾರಿನಲ್ಲಿ ನಾವು ಬಾಯಿಂದ ದರ ಹೇಳುವುದಿಲ್ಲ. ಎರಡು ಕೈಗಳ ಮೇಲೆ ಟಾವೆಲು ಹಾಕುತ್ತೇವೆ. ಒಳಗೆ ಬೆರಳು ಹಿಡಿಯುತ್ತೇವೆ. ಸುತ್ತ ನೂರು ಜನ ನಿಂತಿರಲಿ, ಒಳಗೆ ಏನಾಯಿತು ಎಂದು ಯಾರೂ ಕೇಳುವಂತಿಲ್ಲ. ಕೇಳುವುದು ಹಲಕಟ್ ಕೆಲಸ.

ಟಾವೆಲು ಹಾಸುತ್ತ ಅವರ ಕಿವಿಯ ಹತ್ತಿರ ಬಾಗಿದೆ. "ಡಬ್ಬಿಯೊಳಗಿನ ಬಾಟ್ಲಿ ಲೆಕ್ಕ," ಎಂದೆ. ಅಷ್ಟೇ.

ಅವರ ಮೂರು ಬೆರಳು ಹಿಡಿದೆ. ಮೂರು ಬಾಟಲಿ. ಅದಕ್ಕಿಂತ ಹೆಚ್ಚಾದರೆ ಆಡು ಬದುಕುವುದಿಲ್ಲ ಎಂದು ಡಾಕ್ಟರು ದಾರಿಯಲ್ಲೇ ಹೇಳಿದ್ದರು. ಒಂದಕ್ಕೆ ಇಳಿಸುತ್ತಾರೆ, ಎರಡಕ್ಕೆ ಮುಗಿಸೋಣ ಎಂದು ಲೆಕ್ಕ ಹಾಕಿದ್ದೆ.

ಸಾತಲಿಂಗಪ್ಪನವರ ಕೈ ತಣ್ಣಗಿತ್ತು. ನನ್ನ ಹಿಡಿತ ಬಿಡಿಸಿಕೊಂಡಿತು. ನನ್ನ ಐದೂ ಬೆರಳು ಹಿಡಿಯಿತು.

ಐದು.

ನಾನು ಅವರ ಮುಖ ನೋಡಿದೆ. ಕಲ್ಲು.

ಮೂರು ಹಿಡಿದೆ. ಅವರು ಮತ್ತೆ ಐದು ಹಿಡಿದರು. ಹಿಂಡಿದರು. ಬೇಕಾದರೆ ಪೂರಾ ಆಡನ್ನೇ ಒಯ್ಯಿ ಎನ್ನುವ ಹಾಗೆ.

ಮೂವತ್ತು ವರ್ಷದಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಮಾಲು ಕೊಡಲು ಜಗಳಾಡಿದವನನ್ನು ನಾನು ಕಂಡಿರಲಿಲ್ಲ. ಬೆವರು ಸುರಿಯಿತು. ಅವರ ಎರಡು ಬೆರಳನ್ನು ಬಲವಂತವಾಗಿ ಮಡಿಸಿ, ಮೂರರ ಮೇಲೆ ನನ್ನ ಮುಷ್ಟಿ ಬಿಗಿದೆ. ಬಿಡಲಿಲ್ಲ. ಕೊನೆಗೆ ಅವರ ಕೈ ಸೋತಿತು.

ಟಾವೆಲು ತೆಗೆದೆ.

"ಹಗ್ಗ ಬಿಚ್ಚು," ಎಂದರು ಸಾತಲಿಂಗಪ್ಪ, ಎಲ್ಲರಿಗೂ ಕೇಳುವಂತೆ. "ದಂಡ ಏನಂದ್ರ, ಆಡಿನ ಸೇವಾ. ಮೈಯಾಗ ಉಣ್ಣಿ ಆಗ್ಯಾವ. ಈ ಡಾಕ್ಟರು ತಗೀತಾರ. ನನ್ನ ಅಂಗಡ್ಯಾಗ ನಡೀಲಿ."

ಹಗ್ಗವಿಲ್ಲದೆ ಆಡು ಅಂಗಡಿಗೆ ಹೇಗೆ ಬರಬೇಕು? ಸಾತಲಿಂಗಪ್ಪ ಒಳಗಿಂದ ಬೆಲ್ಲ ತಂದು ಹಿಡಿದರು. ಬೆಲ್ಲದ ಹಿಂದೆ ಆಡು ಬಂತು. ಹಿಂದಿನ ಕೋಣೆಯಲ್ಲಿ ಚಾದರದ ಗಂಟುಗಳ ನಡುವೆ ನಾನು ಅದನ್ನು ತೋಳಲ್ಲಿ ಅಪ್ಪಿ ಹಿಡಿದೆ. ಡಾಕ್ಟರು ಕುತ್ತಿಗೆಯ ನರ ಒತ್ತಿ ಹುಡುಕಿದರು. ಸೂಜಿ ಇಳಿಯಿತು. ಆಡು ಒಂದು ಸಲ ಒದ್ದು, ಹೊಸ ಚಾದರದ ಅಂಚು ಬಾಯಿಗೆ ಸಿಕ್ಕ ಮೇಲೆ ಸುಮ್ಮನಾಯಿತು.

ಸಾತಲಿಂಗಪ್ಪ ಗೋಡೆಗೆ ಮುಖ ಮಾಡಿ ನಿಂತಿದ್ದರು. ಮಾಂಸ ಮುಟ್ಟದ, ರಕ್ತ ನೋಡದ ಮನೆತನ.

ಒಂದು ಬಾಟಲಿ. ಎರಡು...

ಹಿಂಬಾಗಿಲು ತೆರೆಯಿತು. ಕಸ್ತೂರಬಾಯಿ.

"ಉಣ್ಣಿ ಹೆಂಗ ತಗೀತೀರಿ ನೋಡೋಣಂತ ಬಂದೆ," ಎಂದಳು. ಕೆಂಪು ಬಾಟಲಿ ನೋಡಿದಳು. ಚಪ್ಪಲಿ ಮತ್ತೆ ಕೈಗೆ ಬಂತು. ಹೊರಗಿನ ಐವತ್ತು ಜನಕ್ಕೂ ನಮಗೂ ನಡುವೆ ಅವಳ ಒಂದು ಕೂಗು ಉಳಿದಿತ್ತು.

ನನ್ನ ಎರಡೂ ಕೈ ಆಡಿನ ಸುತ್ತ. ಡಾಕ್ಟರ ಕೈ ಸೂಜಿಯ ಮೇಲೆ.

"ಕಸ್ತೂರಾ," ಎಂದರು ಸಾತಲಿಂಗಪ್ಪ. ಗೋಡೆಯಿಂದ ಮುಖ ತಿರುಗಿಸಲಿಲ್ಲ. "ನನ್ನ ಮನ್ಯಾಕಿ ಸಲುವಾಗಿ."

"ವೈನಿಗೆ ಏನಾಗೈತಿ?"

"ಎದಿಯಾಗ ಗಂಟು. ತಗದಾರ. ಎರಡು ತಿಂಗಳಾತು. ಊರಾಗ ಕಾಶಿಗೆ ಹೋಗಿದ್ದೀವಿ ಅಂತ ಹೇಳಿದ್ದೆ. ಯಾವ ಔಷಧ ಅನ್ನೋದು ಈ ಆಡಿನ ರಕ್ತದಾಗ ಗೊತ್ತಾಗ್ತೈತಂತ."

ಕಸ್ತೂರಬಾಯಿ ಚಪ್ಪಲಿ ಕಾಲಿಗೆ ಹಾಕಿಕೊಂಡಳು. ಹೊರಗೆ ಹೋಗಿ ಬಾಗಿಲೆಳೆದಳು. ಅವಳ ಗಂಟಲು ಅರ್ಧ ಅಕ್ಕಲಕೋಟಕ್ಕೆ ಕೇಳಿಸಿತು.

"ಉಣ್ಣಿ ಭಾಳ ಅದಾವ. ಹತ್ರ ಬಂದವರ ಮೈಗೂ ಹತ್ತಾವು. ಮನಿಗೆ ನಡೀರಿ ಎಲ್ಲಾರೂ."

ಮೂರನೆಯ ಬಾಟಲಿ ತುಂಬಿತು.

ವಾಪಸು ಬರುವಾಗ ಡಾಕ್ಟರು ವಳಸಂಗದಲ್ಲಿ ಗಾಡಿ ನಿಲ್ಲಿಸಲು ಹೇಳಿದರು. ಐಸ್ ಕರಗುತ್ತದೆ ಎಂದೆ. ಹತ್ತು ನಿಮಿಷ ಎಂದರು. ಗೋದೂಬಾಯಿಯ ಕಟ್ಟೆಯ ಮೇಲೆ ಕುಳಿತು ಮುಕಾದಮನಿಂದ ಹಿಡಿದು ಕಂದು ಬಣ್ಣದ ತನಕ ಎಲ್ಲ ಹೇಳಿದರು. ಮುದುಕಿ ಎಲ್ಲ ಕೇಳಿ, "ಇಷ್ಟೇ ಇತ್ತೇನು?" ಎಂದಳು.

ಹದಿನೈದು ದಿನ ಕಳೆಯಿತು. ಹನ್ನೊಂದು ಸ್ಲೈಡಿನಲ್ಲಿ ಏಳು ಕಂದು. ನಾಲ್ಕು ನೀಲಿ. ಡಾಕ್ಟರು ಬಾಜಾರಿಗೆ ಬಂದು ಅಷ್ಟೇ ಹೇಳಿದರು. ಯಾರದು ಯಾವುದು ಎಂದು ಹೇಳಲಿಲ್ಲ, ನಾನು ಕೇಳಲಿಲ್ಲ. ನಾಲ್ಕರ ಬಗ್ಗೆ ಕೇಳಿದೆ. ಅವರಿಗೆ ಬೇರೆ ಔಷಧ, ಬಲು ಕಠಿಣ ಎಂದರು. ಆ ದಿನ ಚಹಾ ಅರ್ಧಕ್ಕೇ ಬಿಟ್ಟರು.

ತಿಂಗಳ ಮೇಲೆ ಮತ್ತೆ ರಕ್ತ ತೆಗೆಯುವುದಿತ್ತು. ಅಕ್ಕಲಕೋಟಕ್ಕೆ ಹೋದೆವು. ಆಡು ಹುಡುಕಬೇಕಾಗಲಿಲ್ಲ. ಸಾತಲಿಂಗಪ್ಪನವರ ಗಾದಿಯ ಮೇಲೆ ಮಲಗಿತ್ತು. ಸಾತಲಿಂಗಪ್ಪ ಸ್ಟೂಲಿನ ಮೇಲೆ ಕುಳಿತಿದ್ದರು.

ಒಳಗಿಂದ ಒಬ್ಬ ತೆಳ್ಳನೆಯ ಹೆಂಗಸು ಬಂದರು. ಹಣೆಯ ತುಂಬ ಕುಂಕುಮ. ರತ್ನಾಬಾಯಿ.

"ದಲಾಲ ನೀವೇನು?"

"ಹೌದ್ರಿ, ವೈನಿ."

"ಟಾವೆಲಿನ ಕೆಳಗ ಇವರು ಎಷ್ಟು ಹಿಡಿದ್ರು?"

ಬಾಜಾರಿನ ನೇಮ ಹೇಳಬೇಕೆಂದಿದ್ದೆ. ಅವರ ಕಣ್ಣು ನೋಡಿ ನೇಮ ಮರೆತುಹೋಯಿತು.

"ಐದು."

"ಆಡು ಸಾಯ್ತಿತ್ತು."

"ಹೌದ್ರಿ."

"ಮೂವತ್ತೊಂದು ವರ್ಷಾತು. ಒಂದು ಜಂಪರ ಪೀಸ್ ಕೇಳಿದರ ನಾಳೆ ನೋಡೋಣ ಅನ್ನೋ ಮನಷ್ಯಾ ಇವರು. ಆಸ್ಪತ್ರ್ಯಾಗ ನನಗ ಚರಬಿ ಗಂಟು ಅಂತ ಹೇಳಿದ್ರು. ಆಮ್ಯಾಲ ಹಿತ್ತಲದಾಗ ನಿಂತು ಅಳ್ತಿದ್ರು. ಚರಬಿಗೆ ಯಾರಾದ್ರೂ ಅಳ್ತಾರೇನು?"

ಸಾತಲಿಂಗಪ್ಪ ಚಾದರದ ಗಂಟು ಎಣಿಸತೊಡಗಿದರು.

ರತ್ನಾಬಾಯಿ ಸೆರಗಿನ ಗಂಟು ಬಿಚ್ಚಿ ಗುಳಿಗೆ ತೋರಿಸಿದರು. "ದಿನಾ ನುಂಗಬೇಕಂತ. ಐದು ವರ್ಷ." ಆಮೇಲೆ ಗಾದಿಯ ಕಡೆ ನೋಡಿದರು. "ಈ ಆಡು ಎಷ್ಟು ವರ್ಷ ಬದುಕ್ತೈತಿ?"

"ಹಿಂಗ ಚಾದರ ತಿಂತಿದ್ರ ಹನ್ನೆರಡಕ್ಕ ಮೋಸಿಲ್ಲ."

"ನಾ ಹೋದ ಮ್ಯಾಲ ಇದು ಅಂಗಡಿ ಪೂರಾ ತಿಂತೈತಿ. ಇವರಿಗೆ ಓಡಸಾಕ ಬರಂಗಿಲ್ಲ. ಐದು ವರ್ಷ ಸಾಲಂಗಿಲ್ಲ ಅಂತ ನಿಮ್ಮ ಡಾಕ್ಟರ್‌ಗೆ ಹೇಳ್ರಿ."

ಡಾಕ್ಟರು ಹಿಂದಿನ ಕೋಣೆಯಲ್ಲಿ ಬಾಟಲಿ ಜೋಡಿಸುತ್ತಿದ್ದರು. ಹೋಗಿ ಹೇಳಿದೆ. ಅವರು ನಗಲಿಲ್ಲ. ಕೈಯ ಬಾಟಲಿ ಡಬ್ಬಿಯೊಳಗಿಟ್ಟರು.

"ನೋಡೋಣ," ಎಂದರು.

ನಮ್ಮ ಬಾಜಾರಿನಲ್ಲಿ ಆ ಮಾತಿಗೆ ವ್ಯಾಪಾರ ಇನ್ನೂ ಮುರಿದಿಲ್ಲ ಎಂದು ಅರ್ಥ.